ಜಾನಪದ ಲೋಕಕ್ಕೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ

ರಾಮನಗರದ ಜಾನಪದ ಲೋಕ ಎಂಬ ವಸ್ತುಸಂಗ್ರಹಾಲಯವನ್ನು ಮುಕ್ಕಾಲು ಗಂಟೆಯಲ್ಲಿ ಸುತ್ತಿ ಮುಗಿಸಿ, ‘ಹಳೇ ಸಾಮಾನು ಜೋಡಿಸಿಟ್ಟಿದ್ದಾರೆ’ ಎಂದುಕೊಂಡು ಮೈಸೂರಿನ ಕಡೆ ಗಾಡಿ ತಿರುಗಿಸುವವರು ಬಹಳ ಮಂದಿ. ಅದೇ ಜಾಗದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಇದ್ದು, ಇನ್ನೂ ನೋಡುವುದು ಉಳಿಯಿತಲ್ಲ ಎನ್ನುವ ಕುಟುಂಬಗಳೂ ಇವೆ. ಹೀಗಾಗುವುದಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಎರಡನೆಯವರ ಜೊತೆ ಒಬ್ಬ ಅಜ್ಜಿಯೋ ತಾತನೋ ಬಂದಿರುತ್ತಾರೆ. ಇಲ್ಲಿರುವುದು ರಾಜರ ಕತ್ತಿ, ಸಿಂಹಾಸನವಲ್ಲ. ಒನಕೆ, ಬೀಜ ಬಿತ್ತುವ ಕೂರಿಗೆ, ಮೊರ, ಸೇರು, ಕಾಳು ತುಂಬಿಡುವ ಗುಡಾಣ, ತೊಗಲುಗೊಂಬೆ. ಪಕ್ಕದ ಚೀಟಿ ಹೆಸರು ಹೇಳೀತು. ಹಿಡಿಯುವ ಬಗೆ, ಬಳಸುವ ಹದ, ಕೆಟ್ಟಾಗ ರಿಪೇರಿ ಮಾಡುತ್ತಿದ್ದ ರೀತಿ ಇವೆಲ್ಲ ಬಳಸಿದವರ ಕೈಯಲ್ಲೇ ಇವೆ. ಹಳ್ಳಿಯಲ್ಲಿ ಬೆಳೆದ ಹಿರಿಯರೊಬ್ಬರು ಜೊತೆಗಿದ್ದರೆ ಈ ವಸ್ತುಸಂಗ್ರಹಾಲಯಕ್ಕೆ ಐದಕ್ಕೆ ಐದು ಅಂಕ ಕೊಡಬಹುದು. ಇಲ್ಲದೆ ಹೋದರೆ ಮೂರೂವರೆ. ಹಿರಿಯರಿಲ್ಲದ ಮನೆಯವರೂ ಆ ಉಳಿದ ಒಂದೂವರೆಯನ್ನು ಎಲ್ಲೆಲ್ಲಿ ಗಳಿಸಬಹುದು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇವೆ.

ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು. ಪರಿಷತ್ತಿನ ಈ ಸಂಗ್ರಹಾಲಯ 15 ಎಕರೆ ಜಾಗದಲ್ಲಿ 1994ರ ಮಾರ್ಚ್ 12ರಂದು ಬಾಗಿಲು ತೆರೆಯಿತು. ಮಂಗಳವಾರ ರಜೆ. ಇದೊಂದನ್ನು ಮರೆತು ಬಂದು ಗೇಟಿನಿಂದ ವಾಪಸಾಗುವವರು ಇದ್ದೇ ಇರುತ್ತಾರೆ.

ದಾರಿಯ ವಿಷಯದಲ್ಲಿ ಈಗ ಮೊದಲಿಗಿಂತ ಎಚ್ಚರ ಬೇಕು. ಜಾನಪದ ಲೋಕ ಇರುವುದು ಹಳೆಯ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 53 ಕಿಲೋಮೀಟರು, ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗುವಾಗ. 2023ರಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್ ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸಿನಲ್ಲಿ ಬಳಸಿಕೊಂಡು ಹೋಗುತ್ತದೆ. ಬಿಡದಿ ಕಳೆದ ಮೇಲೆ ಬೈಪಾಸು ಹತ್ತುವ ಮೊದಲೇ ಹಳೇ ರಸ್ತೆಗೆ ಇಳಿಯಬೇಕು. ತಪ್ಪಿದರೆ ಚನ್ನಪಟ್ಟಣದ ಆಚೆ ಇಳಿದು ಹಿಂದಕ್ಕೆ ಬರಬೇಕಾಗುತ್ತದೆ. ಬಸ್ಸಿನಲ್ಲಿ ಬರುವವರು ಹತ್ತುವ ಮುಂಚೆ ‘ರಾಮನಗರದ ಒಳಗೆ ಹೋಗುತ್ತದೆಯೇ’ ಎಂದು ಕಂಡಕ್ಟರನ್ನು ಕೇಳಿ. ಮೈಸೂರಿನ ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಓಡುತ್ತವೆ. ರೈಲಿನಲ್ಲಿ ಬಂದರೆ ರಾಮನಗರ ನಿಲ್ದಾಣದಿಂದ ಆಟೋ. ಹಿರಿಯರನ್ನು ಕರೆತರುವವರಿಗೆ ನಮ್ಮ ಸಲಹೆ ರೈಲೇ.

ಹೋದ ತಕ್ಷಣ ಎದುರಿಗೆ ಸಿಕ್ಕಿದ ಕಟ್ಟಡಕ್ಕೆ ನುಗ್ಗಬೇಡಿ. ಬೆಳಗಿನ ಎಳೆ ಬಿಸಿಲಿರುವಾಗ ಮೊದಲು ನೋಡಬೇಕಾದದ್ದು ಬಯಲಿನಲ್ಲಿರುವ ಶಿಲ್ಪಮಾಳ, ಅಂದರೆ ಕಾಳಗದಲ್ಲಿ ಸತ್ತವರ ವೀರಗಲ್ಲು, ಗಂಡನ ಚಿತೆಯೇರಿದ ಹೆಂಗಸರ ಮಾಸ್ತಿಕಲ್ಲುಗಳ ಸಾಲು. ಬಿಸಿಲು ಓರೆಯಾಗಿ ಬಿದ್ದಾಗ ಉಬ್ಬಿದ ಕೆತ್ತನೆಯ ಪಕ್ಕ ನೆರಳು ಮೂಡಿ, ಕುದುರೆಯ ಕಾಲು, ಬಿಲ್ಲಿನ ಹೆದೆ, ಸೊಂಟದ ಬಾಕು ಎಲ್ಲ ಎದ್ದು ಬರುತ್ತವೆ. ಹನ್ನೆರಡರ ಬಿಸಿಲಿಗೆ ಅದೇ ಕಲ್ಲು ಬರಿ ಚಪ್ಪಡಿ. ಮೋಡ ಕವಿದಿದ್ದರೆ ಮೊಬೈಲಿನ ಟಾರ್ಚನ್ನು ಕಲ್ಲಿನ ಎದುರಿಗಲ್ಲ, ಪಕ್ಕದಿಂದ, ಕಲ್ಲಿಗೆ ತಾಗಿದಂತೆ ಹಿಡಿಯಿರಿ.

ಮಕ್ಕಳಿಗೆ ವೀರಗಲ್ಲು ಓದುವುದನ್ನು ಹತ್ತು ನಿಮಿಷದಲ್ಲಿ ಕಲಿಸಬಹುದು. ಕೆಳಗಿನಿಂದ ಮೇಲಕ್ಕೆ ಓದಬೇಕು, ಅಷ್ಟೇ ಗುಟ್ಟು. ತಳದ ಪಟ್ಟಿಯಲ್ಲಿ ಕಾಳಗ. ಅಲ್ಲಿ ದನಗಳಿದ್ದರೆ ಅದು ತುರುಗೋಳು, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ. ನೆತ್ತಿಯಲ್ಲಿ ಸೂರ್ಯ, ಚಂದ್ರ: ಅವರಿರುವ ತನಕ ಇವನ ಹೆಸರು ಇರಲಿ ಎಂದು. ಎಲ್ಲ ಕಲ್ಲಿನಲ್ಲೂ ಮೂರೂ ಪಟ್ಟಿ ಇರುವುದಿಲ್ಲ, ಸಣ್ಣ ಊರಿನ ಸಣ್ಣ ಕಲ್ಲಿನಲ್ಲಿ ಬಿಲ್ಲು ಹಿಡಿದ ಒಬ್ಬನೇ ಇರಬಹುದು. ಮಾಸ್ತಿಕಲ್ಲಿನ ಗುರುತು ಬಳೆ ತೊಟ್ಟು ಮೇಲಕ್ಕೆತ್ತಿದ ತೋಳು. ಅದು ಏನು ಎಂದು ಮಗು ಕೇಳಿದರೆ ಮಾತು ಹಾರಿಸಬೇಡಿ, ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಿ. ಕೆತ್ತನೆ ಚೆನ್ನಾಗಿ ಕಾಣಲಿ ಎಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಸವರಬಾರದು. ಪುಡಿ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತು ಮತ್ತೆ ಬಿಡುವುದಿಲ್ಲ, ಉಜ್ಜಿದಷ್ಟೂ ಅಂಚು ಸವೆಯುತ್ತದೆ.

ಕಲ್ಲು ನೋಡಿ ಮುಗಿಯುವಾಗ ಹತ್ತು ಗಂಟೆ. ನೇರ ಕುಂಬಾರರ ತಿಗರಿಯ, ಅಂದರೆ ಮಡಕೆ ಮಾಡುವ ಚಕ್ರದ ಹತ್ತಿರ ಹೋಗಿ. ಮಣ್ಣಿನ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಬೆಳಗ್ಗೆ ಮಾಡಿದ ಕುಡಿಕೆ ನೆರಳಿನಲ್ಲಿ ನಾಲ್ಕೈದು ಗಂಟೆ ಕೂತು ಮುಟ್ಟಲು ಬರುವಷ್ಟು ಬಿಗಿಯಾಗುತ್ತದೆ. ಸಂಜೆ ಮಾಡಿದ್ದು ಕಾರಿನ ಸೀಟಿನ ಮೇಲೆಯೇ ಕುಸಿಯುತ್ತದೆ. ಗುಂಪಾಗಿ ಬರುವವರು ಮುಂಚೆಯೇ ತಿಳಿಸಿ, ಆ ದಿನ ಕುಂಬಾರರು ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಒಂದು ತಿಗರಿಯಲ್ಲಿ ಮಗುವಿಗೆ ಐದು ನಿಮಿಷವಾದರೂ ಬೇಕು, ಗಂಟೆಗೆ 12 ಮಕ್ಕಳಿಗಿಂತ ಹೆಚ್ಚು ಆಗುವುದಿಲ್ಲ. 40 ಮಕ್ಕಳ ಶಾಲಾ ಗುಂಪನ್ನು ಒಟ್ಟಿಗೆ ತಂದು ನಿಲ್ಲಿಸಿದರೆ ಮುಂದಿನ ಎಂಟು ಮಂದಿಗೆ ಕುಂಬಾರರ ಕೈ ಕಾಣುತ್ತದೆ, ಉಳಿದವರಿಗೆ ಮುಂದಿನವರ ಬೆನ್ನು.

ತಿಗರಿಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಆ ಐದು ನಿಮಿಷ ಸಾರ್ಥಕ. ಕೆರೆಯ ಜೇಡಿಮಣ್ಣನ್ನು ನೆನೆಸಿ, ಕಲ್ಲು ಬೇರು ಆರಿಸಿ, ತುಳಿದು ಹದ ಮಾಡಿರುತ್ತಾರೆ. ತುಳಿಯುವುದು ಮೆತ್ತಗಾಗಲಿ ಎಂದು ಮಾತ್ರವಲ್ಲ, ಒಳಗೆ ಗಾಳಿ ಉಳಿಯದಿರಲಿ ಎಂದೂ. ಗಾಳಿ, ತೇವ ಉಳಿದ ಮಡಕೆ ಸುಡುವಾಗ ಆವಿಗೆಯಲ್ಲಿ ಸಿಡಿಯುತ್ತದೆ. ಮುದ್ದೆಯನ್ನು ತಿಗರಿಯ ಸರಿಯಾದ ನಡುವಿಗೆ ಕೂರಿಸುವುದೇ ಅರ್ಧ ವಿದ್ಯೆ. ಬೆರಳಗಲ ಆಚೀಚೆಯಾದರೂ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಮೇಲೇಳುತ್ತಲೇ ಓಲಾಡತೊಡಗುತ್ತದೆ. ಮಕ್ಕಳು ಮೊಣಕೈ ಗಾಳಿಯಲ್ಲಿ ಬಿಟ್ಟು ಮಣ್ಣು ಹಿಡಿಯುತ್ತಾರೆ, ಆಗ ತಿರುಗುವ ಮಣ್ಣೇ ಕೈಯನ್ನು ಅಲುಗಾಡಿಸುತ್ತದೆ. ಮೊಣಕೈಯನ್ನು ತೊಡೆಗೆ ಊರಿಸಿಕೊಳ್ಳಲು ಹೇಳಿ. ಕೈ ಒಣಗಿದ್ದರೆ ಮಣ್ಣು ಚರ್ಮಕ್ಕೆ ಕಚ್ಚಿ ಹರಿಯುತ್ತದೆ. ನೀರು ಹೆಚ್ಚಾದರೆ ಗೋಡೆ ಕೆಸರಾಗಿ ಕೆಳಗೆ ಜಾರುತ್ತದೆ. ಹೆಬ್ಬೆರಳು ನಡುವೆ ಒತ್ತುವಾಗ ತಳದಲ್ಲಿ ಬೆರಳಿನ ದಪ್ಪದಷ್ಟು ಮಣ್ಣು ಬಿಡಬೇಕು. ಕೊನೆಗೆ ಚಕ್ರ ತಿರುಗುತ್ತಿರುವಾಗಲೇ ಒದ್ದೆ ದಾರ ಹಾಕಿ ಕೊಯ್ದು ಎತ್ತುತ್ತಾರೆ. ಮಕ್ಕಳು ಬಾಯಿಬಿಟ್ಟುಕೊಂಡು ನೋಡುವ ಗಳಿಗೆ ಅದು.

ಬಿಡುವಿದ್ದರೆ ಕುಂಬಾರರನ್ನು ಒಂದು ಪ್ರಶ್ನೆ ಕೇಳಿ: ತಿಗರಿಯಿಂದ ಇಳಿದದ್ದಕ್ಕೆ ತಳ ಚಪ್ಪಟೆ, ನೀರಿನ ಮಡಕೆಗೆ ತಳ ದುಂಡು, ಅದು ಹೇಗೆ? ಅರೆ ಒಣಗಿದ ಮೇಲೆ ಒಳಗೆ ದುಂಡುಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಹೊಟ್ಟೆ ಬರಿಸುತ್ತಾರೆ. ಈ ತಟ್ಟುವ ಕೆಲಸವನ್ನು ನೋಡದೆ ಬಂದರೆ ಮಡಕೆಯ ಅರ್ಧ ಕತೆ ಬಿಟ್ಟಂತೆ.

ಮಾಡಿದ ಕುಡಿಕೆಗೆ ಕಡ್ಡಿಯಲ್ಲಿ ಹೆಸರು ಗೀರಿ, ನೆರಳಿನಲ್ಲಿಟ್ಟು ಹೊರಡಿ. ಬಿಸಿಲೇರಿದ ಈ ಹೊತ್ತಿಗೆ ಒಳಗಿನ ಮನೆಗಳು ಸರಿ. ಲೋಕಮಾತಾ ಮಂದಿರದಲ್ಲಿ ಅಡುಗೆಮನೆ, ಕಾಳು ಕೂಡಿಡುವ ಸಾಮಾನು, ಹೆಂಗಸರ ಕೈಯಲ್ಲಿ ಸವೆದ ವಸ್ತುಗಳಿವೆ. ಇಲ್ಲಿಂದ ಅಜ್ಜಿಯನ್ನು ಮುಂದೆ ಬಿಡಿ, ನೀವು ಹಿಂದೆ ನಡೆಯಿರಿ.

ಬೀಸುವ ಕಲ್ಲಿನ ಮುಂದೆ ನಿಂತಾಗ ಹೇಗೆ ತಿರುಗಿಸುತ್ತಿದ್ದಿರಿ ಎಂದು ಕೇಳಿದರೆ ‘ಹೀಗೇ’ ಎಂಬ ಉತ್ತರ ಬಂದು ಮಾತು ನಿಲ್ಲುತ್ತದೆ. ಬದಲಿಗೆ, ಕಲ್ಲು ಮೊಂಡಾದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿ. ಎರಡು ಕಲ್ಲಿನ ಮುಖ ನುಣುಪಾದರೆ ರಾಗಿ ಹಿಟ್ಟಾಗುವುದಿಲ್ಲ, ನುಚ್ಚಾಗಿ ಜಾರಿ ಬೀಳುತ್ತದೆ. ಆಗ ಕಲ್ಲು ಕುಟ್ಟುವವರು ಬೀದಿಯಲ್ಲಿ ಕೂಗಿಕೊಂಡು ಬರುವುದನ್ನು ಕಾಯಬೇಕು. ಅವರು ಉಳಿಯಿಂದ ಮುಖಕ್ಕೆ ಗುಳಿಗಳನ್ನು ಹೊಡೆಯುತ್ತಾರೆ. ಹೊಸದಾಗಿ ಕುಟ್ಟಿಸಿದ ಕಲ್ಲಿನಲ್ಲಿ ಮೊದಲ ಹಿಟ್ಟಿಗೆ ಮರಳು ಬರುತ್ತದೆ, ಅದಕ್ಕೇ ಮೊದಲು ಹೊಟ್ಟು ಬೀಸಿ ಚೆಲ್ಲುತ್ತಾರೆ. ಮೇಲಿನ ಕಲ್ಲಿನ ಗೂಟಕ್ಕೆ ಇಬ್ಬರು ಎದುರುಬದುರು ಕೂತು ಕೈ ಹಾಕಿದರೆ ಹೊರೆ ಅರ್ಧ. ಬೀಸುವ ಪದಗಳು ಹುಟ್ಟಿದ್ದು ಆ ಎದುರುಬದುರಿನಲ್ಲಿ. ಒಂದು ಪ್ರಶ್ನೆಗೆ ಇಷ್ಟು ಮಾತು ಹೊರಡುತ್ತದೆ, ಕೆಲವೊಮ್ಮೆ ಹಾಡೂ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ನಾಗೇಗೌಡರು ಊರೂರು ಅಲೆದು ಮಾಡಿದ್ದು ಇದೇ ಕೆಲಸ.

ಮೊರ ಕಂಡಾಗ ಅದರ ಹೆಣಿಗೆಯ ಸಂದು ಮುಚ್ಚುವುದು ಹೇಗೆಂದು ಕೇಳಿ. ಸಗಣಿ, ನೆನೆಸಿ ರುಬ್ಬಿದ ಮೆಂತ್ಯ, ಕಾಗದದ ಹಿಟ್ಟು, ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ಬಳಿಯದ ಮೊರದಲ್ಲಿ ರಾಗಿ ಕೇರಿದರೆ ಕಾಳು ಸಂದಿನಲ್ಲೇ ಸೋರಿಹೋಗುತ್ತದೆ. ಅಳತೆಯ ಸಾಮಾನಿನ ಹತ್ತಿರ ಮಕ್ಕಳಿಗೆ ಲೆಕ್ಕ ಕೊಡಿ: ನಾಲ್ಕು ಪಾವು ಒಂದು ಸೇರು, 20 ಕೊಳಗ ಒಂದು ಖಂಡುಗ. ಕೊಳಗಕ್ಕೆ ಎಷ್ಟು ಸೇರು ಎಂಬುದು ಮಾತ್ರ ಸೀಮೆಗೊಂದು. ತಾತ ಒಂದು ಹೇಳಿ ಅಜ್ಜಿ ಇನ್ನೊಂದು ಹೇಳಿದರೆ ಇಬ್ಬರೂ ಸರಿಯೇ, ಅವರವರ ತವರಿನ ಕೊಳಗ ಅವರವರಿಗೆ. ಕಣಜ, ಗುಡಾಣಗಳ ಪಕ್ಕ ಹಗೇವಿನ ಮಾತು ತೆಗೆಯಿರಿ. ನೆಲದೊಳಗೆ ತೋಡಿದ ಹಗೇವಿನಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಉಸಿರುಕಟ್ಟುವ ಗಾಳಿ ತುಂಬಿರುತ್ತದೆ. ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯುವುದು.

ಲೋಕಮಹಲ್ ದೊಡ್ಡದು, ಎರಡು ಅಂತಸ್ತು. ಬೇಸಾಯದ ಉಪಕರಣ, ವಾದ್ಯ, ಗೊಂಬೆ, ಮುಖವಾಡ, ಯಕ್ಷಗಾನದ ವೇಷಭೂಷಣ ಎಲ್ಲ ಇಲ್ಲೇ. ಮಕ್ಕಳು ಸೋಲುವುದೂ ಇಲ್ಲೇ, ಯಾಕೆಂದರೆ ಹೆಚ್ಚಿನವು ಗಾಜಿನ ಹಿಂದಿವೆ. ಎಲ್ಲವನ್ನೂ ನೋಡಿಸಲು ಹೋಗಬೇಡಿ, ಮೂರೇ ವಸ್ತು ಆರಿಸಿಕೊಳ್ಳಿ. ನಮ್ಮ ಆಯ್ಕೆ ಕೂರಿಗೆ, ತೊಗಲುಗೊಂಬೆ, ಸೂತ್ರದ ಗೊಂಬೆ.

ಕೂರಿಗೆಯ ಮೇಲಿನ ಮರದ ಬಟ್ಟಲಿಗೆ ಕಾಳು ಬಿಟ್ಟರೆ, ಅದರ ತಳದ ತೂತುಗಳಿಂದ ಬಿದಿರಿನ ಕೊಳವೆಗಳ ಮೂಲಕ ಇಳಿದು, ಮುಂದೆ ಗೀರು ಬಿದ್ದ ಸಾಲಿನಲ್ಲಿ ಬೀಳುತ್ತದೆ. ಕಾಳು ಬಿಡುವ ಬೆರಳಿನ ವೇಗ, ಎತ್ತಿನ ನಡಿಗೆ ಎರಡೂ ಹೊಂದಬೇಕು. ಕೊಳವೆಯ ಬಾಯಿಗೆ ಹಸಿ ಮಣ್ಣು ಕಟ್ಟಿಕೊಂಡರೆ ಆ ಸಾಲು ಪೂರ್ತಿ ಖಾಲಿ. ಅದು ಗೊತ್ತಾಗುವುದು ಪೈರು ಮೊಳೆತ ಮೇಲೆ, ಊರೆಲ್ಲ ನೋಡುವಾಗ. ಆದ್ದರಿಂದ ಬಿತ್ತುವವರ ಕಣ್ಣು ಕೊಳವೆಯ ಮೇಲೇ ಇರುತ್ತಿತ್ತು.

ತೊಗಲುಗೊಂಬೆ ಗೋಡೆಗೆ ಆನಿಸಿಟ್ಟಾಗ ಕಪ್ಪಾಗಿ, ಒಣಗಿದ ಚರ್ಮದಂತೆ ಕಾಣುತ್ತದೆ. ಅದರ ಜೀವ ಹಿಂದಿನ ಬೆಳಕಿನಲ್ಲಿದೆ. ಚರ್ಮವನ್ನು ಕೂದಲು ತೆಗೆದು ತೆಳುವಾಗಿ ಹೆರೆಯುವುದು ಬೆಳಕು ಹಾಯಲಿ ಎಂದು. ಒಡವೆ, ಸೀರೆಯ ಅಂಚುಗಳ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ತೂತು ಹೊಡೆಯುವುದು ಪರದೆಯ ಮೇಲೆ ಅವು ಹೊಳೆಯಲಿ ಎಂದು. ಕಿಳ್ಳೇಕ್ಯಾತ ಸಮುದಾಯದವರು ಉಳಿಸಿಕೊಂಡು ಬಂದ ಕಲೆ ಇದು, ಆಟದ ಹಾಸ್ಯಗಾರನ ಹೆಸರೂ ಕಿಳ್ಳೇಕ್ಯಾತನೇ. ಮನೆಗೆ ಬಂದ ಮೇಲೆ ಮಕ್ಕಳಿಂದ ಒಂದು ಮಾಡಿಸಿ: ದಪ್ಪ ಬಿಳಿ ಹಾಳೆಯಲ್ಲಿ ಚಿತ್ರ ಬಿಡಿಸಿ, ಸ್ಕೆಚ್ ಪೆನ್ನಿನಿಂದ ಎರಡೂ ಕಡೆ ಬಣ್ಣ ತುಂಬಿ, ದಬ್ಬಳದಲ್ಲಿ ತೂತು ಹಾಕಿ, ಆಮೇಲೆ ಹತ್ತಿಯಲ್ಲಿ ಅಡುಗೆ ಎಣ್ಣೆಯನ್ನು ತೆಳುವಾಗಿ ಸವರಿ. ಎಣ್ಣೆ ಮೊದಲು ಸವರಿದರೆ ಬಣ್ಣ ಹಿಡಿಯುವುದಿಲ್ಲ. ಬಿಳಿ ಪಂಚೆಯ ಹಿಂದೆ ಒಂದು ಬಲ್ಬು ಹಚ್ಚಿ, ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿಯಿರಿ. ದೂರ ಹಿಡಿದರೆ ಅಂಚು ಮಸುಕಾಗುತ್ತದೆ.

ಹಳೇ ಮೈಸೂರಿನ ಸೂತ್ರದ ಗೊಂಬೆಯಲ್ಲಿ ನೋಡಬೇಕಾದದ್ದು ಅದರ ಗಾತ್ರ, ತೂಕ. ಗೊಂಬೆಯ ದಾರಗಳನ್ನು ಆಡಿಸುವವರು ತಮ್ಮ ತಲೆಗೆ ಕಟ್ಟಿಕೊಂಡ ಬಳೆಗೆ ಬಿಗಿದಿರುತ್ತಾರೆ, ಗೊಂಬೆಯ ಕೈಗಳನ್ನು ಸಲಾಕೆಯಿಂದ ಆಡಿಸುತ್ತಾರೆ. ಅಂದರೆ ಗೊಂಬೆ ಕುಣಿಯಲು ಅವರೂ ಕುಣಿಯಲೇಬೇಕು. ಇಷ್ಟು ಹೇಳಿ ನಿಮ್ಮ ಮಗುವಿಗೆ ತಲೆಯಾಡಿಸಿ ತೋರಿಸಲು ಹೇಳಿ, ಗಾಜಿನ ಆಚೆಯದು ಅರ್ಥವಾಗುತ್ತದೆ.

ಊಟಕ್ಕೆ ಪಕ್ಕದಲ್ಲೇ ಕಾಮತ್ ಲೋಕರುಚಿ ಇದೆ. ಭಾನುವಾರ ಒಂದು ಗಂಟೆಯ ಮೇಲೆ ನೂಕುನುಗ್ಗಲು, ಹನ್ನೆರಡೂವರೆಗೇ ಹೋಗಿ ಕೂರಿ.

ಊಟದ ನಂತರದ ಒಂದೂವರೆ ಗಂಟೆ ಹಿರಿಯರಿಗೆ ಜೊಂಪು, ಮಕ್ಕಳಿಗೆ ಬೇಸರ. ಆವರಣದಲ್ಲಿ ಮರದ ನೆರಳು ಸಾಕಷ್ಟಿದೆ. ಮನೆಯಿಂದ ಒಂದು ಅಳಗುಳಿಮಣೆ, ಚೌಕಾಬಾರಕ್ಕೆ ನಾಲ್ಕು ಕವಡೆ, ಒಂದು ಸೀಮೆಸುಣ್ಣ ತನ್ನಿ. ಪ್ರದರ್ಶನದಲ್ಲಿರುವ ಮಣೆಯನ್ನು ಆಡಲು ಕೊಡುವುದಿಲ್ಲ, ಕೊಡಲೂಬಾರದು. ಅಳಗುಳಿಮಣೆಯಲ್ಲಿ ಏಳೇಳು ಗುಳಿಯ ಎರಡು ಸಾಲು. ಗುಳಿಗೆ ಐದು ಬೀಜದಂತೆ ಹಾಕಿದರೆ 70 ಬೀಜ ಬೇಕು, ನಾಲ್ಕರಂತೆ ಆದರೆ 56. ಮಣೆ ಇಲ್ಲದಿದ್ದರೆ ಮಣ್ಣಿನಲ್ಲಿ ಗುಳಿ ತೋಡಿದರೂ ಆಯಿತು. ತನ್ನ ಸಾಲಿನ ಒಂದು ಗುಳಿ ಬರಿದು ಮಾಡಿ ಒಂದೊಂದೇ ಬಿಟ್ಟು ಹೋಗುವುದು, ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯಲ್ಲಿರುವುದನ್ನು ಗೆಲ್ಲುವುದು. ಉಳಿದ ನಿಯಮಗಳು ಊರೂರಿಗೆ ಬೇರೆ, ಆಟ ಶುರುವಾಗುವ ಮುಂಚೆ ಅಜ್ಜಿಯ ಊರಿನ ನಿಯಮವೇ ಎಂದು ಒಪ್ಪಿಕೊಳ್ಳಿ. ಬೀಜಕ್ಕೆ ಹುಣಸೆ ಒಳ್ಳೆಯದು. ಗುಲಗಂಜಿ ಚೆಂದ ಕಂಡರೂ ವಿಷದ ಬೀಜ, ಸಣ್ಣ ಮಕ್ಕಳಿರುವಲ್ಲಿ ಬೇಡವೇ ಬೇಡ. ಚೌಕಾಬಾರಕ್ಕೆ ಐದೈದು ಮನೆಯ ಚೌಕ ಬರೆದರೆ ಮುಗಿಯಿತು. ನಾಲ್ಕೂ ಕವಡೆ ಬಾಯಿ ಮೇಲಾಗಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಎಂಟು.

ಸದ್ದು, ಕುಣಿತ ಬೇಕೆನ್ನುವವರು ಮಾಮೂಲಿ ದಿನ ಬಂದರೆ ನಿರಾಶೆಯಾದೀತು. ಅದಕ್ಕೆ ಫೆಬ್ರವರಿಯಲ್ಲಿ ನಡೆಯುವ ಲೋಕೋತ್ಸವವಿದೆ. ಡೊಳ್ಳು, ಕಂಸಾಳೆ, ಪೂಜಾ ಕುಣಿತ, ವೀರಗಾಸೆ ತಂಡಗಳನ್ನು ಹತ್ತು ಅಡಿ ದೂರದಿಂದ ನೋಡಬಹುದು. ಆದರೆ ಆ ಜನಜಂಗುಳಿಯಲ್ಲಿ ಅಜ್ಜಿಯ ಜೊತೆ ನಿಧಾನವಾಗಿ ವಸ್ತು ನೋಡುವುದು ಆಗದ ಮಾತು, ಎರಡಕ್ಕೂ ಬೇರೆ ಬೇರೆ ದಿನ ಬನ್ನಿ. ಗಾಳಿಪಟ ಉತ್ಸವದ ಕಾಲ ಆಷಾಢದ ಗಾಳಿಯದು. ಅಂದು ಸ್ವಂತ ಪಟ ಕಟ್ಟಿಕೊಂಡು ಬರುವವರು ಸೂತ್ರದ ಗಂಟನ್ನು ಸರಿನೋಡಿಕೊಳ್ಳಿ. ಗಂಟು ತೀರಾ ಕೆಳಗಿದ್ದರೆ ಪಟ ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ, ಏರುವುದಿಲ್ಲ. ಗಿರಗಿರನೆ ಸುತ್ತಿದರೆ ಒಂದೋ ಬಿಲ್ಲುಕಡ್ಡಿ ಒಂದು ಕಡೆ ದಪ್ಪ, ಇಲ್ಲವೇ ಬಾಲಂಗೋಚಿ ಗಿಡ್ಡ. ಕಡ್ಡಿಯನ್ನು ನಡುವೆ ಬೆರಳ ಮೇಲಿಟ್ಟು ತೂಗಿ, ವಾಲುವ ಕಡೆ ಹೆರೆಯಿರಿ. ದಾರ ಹತ್ತಿಯದೇ ಇರಲಿ. ಚೀನಾ ಮಾಂಜಾ ಎಂಬ ನೈಲಾನ್ ದಾರಕ್ಕೆ 2017ರಿಂದ ದೇಶದಾದ್ಯಂತ ನಿಷೇಧವಿದೆ, ಹಕ್ಕಿಗಳ ರೆಕ್ಕೆ, ಬೈಕಿನವರ ಕುತ್ತಿಗೆ ಕೊಯ್ಯುವ ದಾರ ಅದು.

ಇಡೀ ದಿನ ಇಲ್ಲೇ ಬೇಡವೆನ್ನುವವರಿಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರವೇ, ಆದರೆ ಅದು ಬೆಳಗಿನ ವ್ಯಾಪಾರ, ಬರುವ ದಾರಿಯಲ್ಲೇ ನೋಡಿಕೊಳ್ಳಬೇಕು. ಚನ್ನಪಟ್ಟಣದ ಗೊಂಬೆ ಕೆಲಸ ಮಧ್ಯಾಹ್ನದ ಮೇಲೂ ಸಿಗುತ್ತದೆ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ಬೆಂಕಿ ಬೇಕಿಲ್ಲ. ಹೊಳಪು ಬರಿಸುವುದು ಒಣಗಿದ ಕೇದಗೆ ಗರಿಯಿಂದ. ಕೊಳ್ಳುವಾಗ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ: ಅರಗು ಸಿಪ್ಪೆಯಂತೆ ಏಳುವುದಿಲ್ಲ, ಮೇಲೆ ಬಳಿದ ಪೇಂಟು ಏಳುತ್ತದೆ.

ಹೊರಡುವಾಗ ಬೆಳಗ್ಗೆ ಇಟ್ಟ ಕುಡಿಕೆಯನ್ನು ಮರೆಯಬೇಡಿ. ಬಾಯಿಯ ಅಂಚು ಹಿಡಿದು ಎತ್ತಿದರೆ ಅಂಚು ಕೈಗೆ ಬರುತ್ತದೆ, ಎರಡೂ ಅಂಗೈಯನ್ನು ತಳಕ್ಕೆ ಕೊಟ್ಟು ಎತ್ತಿ. ಹಳೇ ಪೇಪರು ಮುದುಡಿ ತುಂಬಿದ ರಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ತೆರೆದೇ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಮೆತ್ತಗಾಗುತ್ತದೆ, ಕಾರಿನ ಎಸಿ ಗಾಳಿಗೆ ನೇರ ಒಡ್ಡಿದರೆ ಒಂದು ಪಕ್ಕ ಬೇಗ ಒಣಗಿ ಬಿರುಕು ಬಿಡುತ್ತದೆ. ಮನೆಯಲ್ಲಿ ಒಂದು ವಾರ ನೆರಳಲ್ಲಿ ಒಣಗಲಿ. ಆವಿಗೆಯಲ್ಲಿ ಸುಡದ ಮಣ್ಣು ನೀರು ತಾಗಿದರೆ ಮತ್ತೆ ಕೆಸರೇ, ಮಗುವಿಗೆ ಇದನ್ನು ಮೊದಲೇ ಹೇಳಿಡಿ. ಪೆನ್ಸಿಲ್ ಇಡಲು, ಅಳಗುಳಿಮಣೆಯ ಹುಣಸೆ ಬೀಜ ತುಂಬಿಡಲು ಅದು ಸಾಕು.